ಸಿವಿಲ್ ಓದಿದ್ದು ವೇಸ್ಟ್ ಆಗಲ್ಲ ತಮ್ಮಾ

ತಮ್ಮಾ, ನೀನು ಸೋಮವಾರಪೇಟೆ ಕಡೆಯವ್ನು ಅಂತ ನಿನ್ನ ಪ್ರಶ್ನೇಲಿ ಓದಿ ಖುಷಿ ಆಯ್ತು, ನಮ್ಮದು ಮಾದಾಪುರದ ಹತ್ರ. ಬಿಇ ಸಿವಿಲ್ ಮುಗ್ಸಿ ಮೈಸೂರಲ್ಲಿ 2 ವರ್ಷ ಸೈಟ್ ಕೆಲಸ ಮಾಡಿದ್ದೀನಿ, ಜರ್ಮನಿಗೆ ಬಂದು ಡಿಜಿಟಲ್ ಲ್ಯಾಂಡ್‌ಸ್ಕೇಪ್, ಅರ್ಬನ್ ಡಿಸೈನ್ (ಪಾರ್ಕು, ಬೀದಿ, ಊರಿನ ಜಾಗಗಳನ್ನ ಕಂಪ್ಯೂಟರಲ್ಲಿ ಮಾಡೆಲ್ ಮಾಡಿ ರೂಪಿಸೋದು) ಕಡೆ ಹೋದ್ರೆ ಓದಿದ್ದೆಲ್ಲ ನೀರಲ್ಲಿ ಹೋಮ ಆಗುತ್ತಾ, ಯಾವ ಸಾಫ್ಟ್‌ವೇರ್ ಕಲೀಲಿ ಅಂತ ಕೇಳಿದ್ದೀಯ. ನಾನೂ ಸಿವಿಲ್ಲೇ, ಇಲ್ಲಿಗೆ ಬಂದು 11 ವರ್ಷ ಆಯ್ತು.

ಹೋಮ ಆಗಲ್ಲ. ನಿನ್ನನ್ನ ಕೆಲಸಕ್ಕೆ ತಗೊಳ್ಳೋದೇ ಆ ಸಿವಿಲ್ ನೋಡಿ. ಚಂದದ 3ಡಿ ಚಿತ್ರ ಮಾಡೋರು ಬೇಕಾದಷ್ಟು ಜನ ಇದ್ದಾರೆ, ಲೆವೆಲ್, ಇಳಿಜಾರು, ಮಣ್ಣು, ನೀರು ಗೊತ್ತಿದ್ದು ಅದನ್ನ ಮಾಡೆಲ್ ಒಳಗೆ ಸರಿಯಾಗಿ ಕೂರಿಸೋರು ಕಮ್ಮಿ. 2021ರ ಜುಲೈಲಿ ಇಲ್ಲಿನ ಆರ್ ಅನ್ನೋ ನದಿ ಕಣಿವೆ ಪ್ರವಾಹದಲ್ಲಿ 130ಕ್ಕೂ ಹೆಚ್ಚು ಜನ ತೀರ್ಕೊಂಡ್ರು, ಆಮೇಲಂತೂ ಜೋರು ಮಳೆ ಬಂದ್ರೆ ನೀರು ಯಾವ ಬೀದಿಗೆ ನುಗ್ಗುತ್ತೆ ಅನ್ನೋ ಮ್ಯಾಪು, ಮಳೆನೀರನ್ನ ಅಲ್ಲಲ್ಲೇ ಇಂಗಿಸೋ ಊರು, ಇದರ ಮಾತೇ ಎಲ್ಲಾ ಕಡೆ. ಬೀದಿ ಪಕ್ಕ, ಸ್ಕೂಲ್ ಅಂಗಳದಲ್ಲಿ ಹುಲ್ಲು ಬೆಳೆಸಿದ ತಗ್ಗು ಮಾಡ್ತಾರೆ, ಅದಕ್ಕೆ ಮುಲ್ಡೆ ಅಂತಾರೆ, ಮೊದಲ ಸಲ ನೋಡ್ದಾಗ ನಂಗೆ ಅನ್ಸಿದ್ದು ಇದು ನಮ್ಮ ಕಾಫಿ ತೋಟದ ತೊಟ್ಟಿಲು ಗುಂಡಿನೇ ಅಲ್ವಾ ಅಂತ, ಓಡೋ ನೀರನ್ನ ತಡೆದು ನಿಲ್ಲಿಸಿ ಮಣ್ಣಿಗೆ ಕುಡಿಸೋದು.

ಒಂದು ತಪ್ಪು ಹೇಳ್ತೀನಿ, ನಿಂಗೆ ಉಪಯೋಗಕ್ಕೆ ಬರಬಹುದು. ಮೊದಲನೇ ವರ್ಷ ಒಂದು ಪಾರ್ಕಿನ ಟೆರೇನ್ ಮಾಡೆಲ್, ಅಂದ್ರೆ ನೆಲದ ಏರುತಗ್ಗಿನ 3ಡಿ ಮಾಡೆಲ್, ಕೊಟ್ಟಿದ್ರು, ಅಗೆದ ಮಣ್ಣು ಹೊರಗೆ ಹೋಗದ ಹಾಗೆ ಕಟ್ ಆಂಡ್ ಫಿಲ್ (ಅಗೆಯೋ ಮಣ್ಣು, ತುಂಬೋ ಮಣ್ಣು) ಸಮ ಮಾಡ್ಬೇಕಿತ್ತು, ನಾನು ರಾತ್ರಿಯೆಲ್ಲ ಕೂತು ಲೆಕ್ಕ ಹೆಚ್ಚುಕಮ್ಮಿ ಸೊನ್ನೆಗೆ ತಂದೆ, ಆದ್ರೆ ಒಂದು ಮೂಲೇಲಿ 40 ಸೆಂಟಿಮೀಟರ್ ಮಣ್ಣು ಏರಿಸಿದ್ದೆ. ಆ ಮೂಲೇಲಿ ಹಳೇ ಲಿಂಡನ್ ಮರ ಇತ್ತು. ಸೀನಿಯರ್ ಒಬ್ರು ಸ್ಕ್ರೀನ್ ಮೇಲೆ ಬೆರಳಿಟ್ಟು ಬೇರಿಗೆ ಗಾಳಿ ಸಿಗದೆ ಈ ಮರ ಉಸಿರು ಕಟ್ಟಿ ಸಾಯುತ್ತಲ್ಲಪ್ಪ ಅಂದ್ರು. ನೆರಳು ಮರದ ಬುಡಕ್ಕೆ ಮಣ್ಣು ಏರಿಸ್ಬೇಡ ಅಂತ ಅಜ್ಜ ಬೈತಿದ್ದಿದ್ದು ಆಗ ನೆನಪಾಯ್ತು. ತೋಟದಲ್ಲಿ ಬೆಳ್ದೋನು, ಮೌಸ್ ಹಿಡಿದ ತಕ್ಷಣ ಅದನ್ನೆಲ್ಲ ಮರ್ತಿದ್ದೆ.

ಸಾಫ್ಟ್‌ವೇರ್ ಅಂದ್ರೆ ನೆಲದ ಲೆವೆಲ್ ಕೆಲಸಕ್ಕೆ ಸಿವಿಲ್ 3ಡಿ, ಮ್ಯಾಪಿಗೆ ಕ್ಯೂಜಿಐಎಸ್ ಗಟ್ಟಿ ಮಾಡ್ಕೋ, ಆಮೇಲೆ 3ಡಿ ಆಕಾರಕ್ಕೆ ರೈನೋ, ಅದರೊಳಗೇ ಲೆಕ್ಕ ಕೊಟ್ಟು ಆಕಾರ ಮಾಡೋ ಗ್ರಾಸ್‌ಹಾಪರ್. ಇಲ್ಲಿನ ಲ್ಯಾಂಡ್‌ಸ್ಕೇಪ್ ಆಫೀಸುಗಳಲ್ಲಿ ವೆಕ್ಟರ್‌ವರ್ಕ್ಸ್ ಜಾಸ್ತಿ, ಅದನ್ನ ಬಂದ್ಮೇಲೆ ಕಲೀಬಹುದು. ಭಾಷೆ ಮಾತ್ರ ಈಗ್ಲಿಂದಲೇ ಶುರು ಮಾಡು, ಇಂಗ್ಲಿಷಲ್ಲಿ ಮಾಸ್ಟರ್ಸ್ ಸಿಗುತ್ತೆ, ಬರ್ನ್‌ಬುರ್ಗ್‌ನ ಆನ್ಹಾಲ್ಟ್ ಯೂನಿವರ್ಸಿಟಿಲೂ ಇದೆ, ಆದ್ರೆ ಸಣ್ಣ ಆಫೀಸಿನ ಮೀಟಿಂಗು, ಟೆಂಡರ್ ಪೇಪರು ಎಲ್ಲ ಜರ್ಮನ್ನೇ, ಬಿ2 ಮಟ್ಟದ ಜರ್ಮನ್ (ಕೆಲಸದ ಮಾತುಕತೆ ನಡೆಸೋ ಅಷ್ಟು) ಆದ್ರೂ ಇರ್ಲಿ. ಇನ್ನೊಂದು, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅನ್ನೋ ಹೆಸರು ಇಲ್ಲಿ ಕಾನೂನಿನ ರಕ್ಷಣೆ ಇರೋದು, ಆರ್ಕಿಟೆಕ್ಟ್‌ಗಳ ಚೇಂಬರ್ (ನೋಂದಣಿ ಸಂಸ್ಥೆ) ಪಟ್ಟೀಲಿ ಸೇರದೆ ಹಾಕ್ಕೊಳ್ಳೋ ಹಾಗಿಲ್ಲ, ಅದಕ್ಕೆ ಆ ವಿಷಯದ ಓದು, ಸಾಮಾನ್ಯವಾಗಿ ಕನಿಷ್ಠ 2 ವರ್ಷ ಕೆಲಸ ಬೇಕು. ಸಿವಿಲ್ ಮೇಲೆ ಬರೀ 4 ಸೆಮಿಸ್ಟರ್ ಮಾಸ್ಟರ್ಸ್ ಮಾಡಿ ಆ ಹೆಸರು ಸಿಗುತ್ತೆ ಅಂತ ಅನ್ಕೋಬೇಡ, ಹೆಸರಿಲ್ದೆನೂ ಒಳ್ಳೆ ಕೆಲಸ ಮಾಡೋರು ತುಂಬಾ ಜನ ಇದ್ದಾರೆ.

ದುಡ್ಡಿನ ವಿಷ್ಯ, ವೀಸಾಕ್ಕೆ ಬ್ಲಾಕ್ಡ್ ಅಕೌಂಟಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯೋಕೆ ಬಿಡೋ ಬ್ಯಾಂಕ್ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸ್ಬೇಕು, 2024ರ ಸೆಪ್ಟೆಂಬರಿಂದ ಇದೇ ಲೆಕ್ಕ, ಅಪ್ಲೈ ಮಾಡೋವಾಗ ಮತ್ತೆ ನೋಡ್ಕೋ. ಓದು ಮುಗಿದ್ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಕೊಡ್ತಾರೆ. ತೋಟ ಅಡ ಇಟ್ಟು ಬರೋದು ಬೇಡ ತಮ್ಮಾ, ಇನ್ನೊಂದು ವರ್ಷ ದುಡಿದು ಬಾ.

ಪೋರ್ಟ್‌ಫೋಲಿಯೋಗೆ ಮೈಸೂರಿನ ಅಪಾರ್ಟ್‌ಮೆಂಟ್ ಎಲಿವೇಶನ್ ಹಾಕ್ಬೇಡ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದು ನೀನೂ ನೋಡಿದ್ದೀಯ, ಬುಡ ಕಡಿದ ಇಳಿಜಾರು ನೀರು ಕುಡಿದ್ರೆ ಏನಾಗುತ್ತೆ ಅಂತ ನಿಂಗೆ ಪುಸ್ತಕ ಹೇಳ್ಕೊಡ್ಬೇಕಾಗಿಲ್ಲ. ನಿಮ್ಮ ತೋಟದ್ದೇ ಮಾಡೆಲ್ ಮಾಡು. ಫ್ರೀ ಸಿಗೋ, 30 ಮೀಟರಿಗೊಂದು ಎತ್ತರ ಕೊಡೋ ಉಪಗ್ರಹದ ಡೇಟಾ ಅಷ್ಟು ಸಣ್ಣ ಜಾಗಕ್ಕೆ ಸಾಲಲ್ಲ, ಒಂದು ಆಟೋ ಲೆವೆಲ್ (ನೆಲದ ಎತ್ತರ ಅಳೆಯೋ ಸರ್ವೆ ಉಪಕರಣ) ಬಾಡಿಗೆಗೆ ತಂದು ನೀನೇ ಲೆವೆಲ್ ತಗೋ, ಜೂನ್ ಮಳೆ ಹಿಡಿದಾಗ ಕೊಡೆ ತಗೊಂಡು ಹೋಗಿ ನೀರು ಎಲ್ಲಿಂದ ಇಳೀತಿದೆ, ಎಲ್ಲಿ ಗದ್ದೆಗೆ ಸೇರ್ತಿದೆ ಅಂತ ಫೋಟೋ ತೆಗೆದು ಮಾಡೆಲ್ ಜೊತೆ ಹೋಲಿಸಿ ನೋಡು. ಆದ್ಮೇಲೆ ನಂಗೆ ಕಳ್ಸು, ಕೂತು ನೋಡ್ತೀನಿ.