ಮಗನ ದುಡಿಮೆ ಮನೆಯ ಕಂತಿಗೆ ಸೇರಿದಾಗ: ಒಂದು ಆಪ್ತಸಲಹೆ ಪ್ರಕರಣ

ಪಿಯುಸಿ ಮೊದಲ ವರ್ಷದ ಮಕ್ಕಳನ್ನು ಕಾಲೇಜಿನವರು ಆಪ್ತಸಲಹೆಗೆ ಕಳಿಸುವಾಗ ಚೀಟಿಯಲ್ಲಿ ಬರೆಯುವುದು ಎರಡೇ ಪದ: ‘ಹಾಜರಾತಿ ಕೊರತೆ’. ದಾವಣಗೆರೆಯಲ್ಲಿ ಆ ಚೀಟಿ ಹಿಡಿದು ಬರುವ ಹುಡುಗರಲ್ಲಿ ಹಲವರು ಮದುವೆ ಊಟ ಬಡಿಸಲು ಹೋಗುವವರು. ಅವರು ಬರುವ ಕಾಲವೂ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ. ಆಷಾಢ, ಪಕ್ಷಮಾಸ, ಧನುರ್ಮಾಸ. ಲಗ್ನ ಇಲ್ಲದ ದಿನಗಳಲ್ಲಿ ಮಾತ್ರ ಅವರಿಗೆ ಬಿಡುವು. ಈ ಪ್ರಕರಣ ಬಂದದ್ದು ಪಕ್ಷಮಾಸದಲ್ಲಿ. ಇದೇ ಬಗೆಯವು ಮತ್ತೆ ಮತ್ತೆ ಬರುತ್ತಿವೆ, ಬಂದಾಗಲೆಲ್ಲ ಮನೆಯವರು ತಪ್ಪನ್ನು ಬೇರೆಲ್ಲೋ ಹುಡುಕುತ್ತಿರುತ್ತಾರೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಮನೆ, ಕಾಲೇಜು, ಉದ್ಯೋಗದ ವಿವರ ಬದಲಿಸಿದ್ದೇನೆ. ಲೆಕ್ಕ ಮಾತ್ರ ಹಾಗೇ ಇದೆ.

ಹುಡುಗನಿಗೆ 16 ವರ್ಷ, ಕಾಮರ್ಸ್ ವಿದ್ಯಾರ್ಥಿ. ತಂದೆ ಲಗೇಜ್ ಆಟೋ ಓಡಿಸುತ್ತಾರೆ. ತಾಯಿ ಮನೆಯಲ್ಲೇ ಸೀರೆಗೆ ಫಾಲ್ಸ್, ಜಿಗ್‌ಜಾಗ್ ಹೊಲಿಯುತ್ತಾರೆ. ಅಕ್ಕನಿಗೆ ಮದುವೆಯಾಗಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಗೆಳೆಯರ ಜೊತೆ ಬಡಿಸಲು ಹೋಗಿದ್ದ ಹುಡುಗ ಕಾಲೇಜು ಶುರುವಾದ ಮೇಲೂ ಬಿಡಲಿಲ್ಲ. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ 78 ದಿನಗಳಲ್ಲಿ 47 ದಿನ ಮಾತ್ರ ತರಗತಿಯಲ್ಲಿದ್ದ.

“ದುಡ್ಡು ಕಂಡಿದಾನೆ ಮೇಡಂ, ಅದಕ್ಕೇ ನಮ್ಮ ಮಾತು ಕಿವಿಗೆ ಹೋಗಲ್ಲ” ಎಂಬುದು ತಂದೆಯ ದೂರು. ಮೊಬೈಲು, ಶೂ, ಸಂಜೆ ಗೋಬಿ, ಇವಕ್ಕೇ ಮಗ ದುಡಿಯುತ್ತಾನೆಂದು ಅವರು ನಂಬಿದ್ದರು. ಮೊದಲ ಎರಡು ಭೇಟಿಗಳಲ್ಲಿ ಹುಡುಗ ತಲೆ ಎತ್ತಲಿಲ್ಲ, ತಾಯಿಯೂ ಹೆಚ್ಚು ಮಾತಾಡಲಿಲ್ಲ.

ಮೂರನೇ ಭೇಟಿಯಲ್ಲಿ ಮೂವರಿಗೂ ಒಂದೊಂದು ಹಾಳೆ ಕೊಟ್ಟು, ಹುಡುಗ ದುಡಿದ ದುಡ್ಡು ಹೋದ ತಿಂಗಳು ಎಲ್ಲೆಲ್ಲಿ ಹೋಯಿತೆಂದು ತಮಗೆ ತಿಳಿದಷ್ಟು ಬರೆಯಲು ಕೇಳಿದೆ. ಒಬ್ಬರದನ್ನು ಒಬ್ಬರು ನೋಡುವಂತಿಲ್ಲ, ಅಂದಾಜಾದರೂ ಅಂಕಿ ಇರಲೇಬೇಕು. ದುಡ್ಡಿನ ಜಗಳ ಬಾಯಲ್ಲಿ ಇರುವ ತನಕ ಗುಣದ ಜಗಳವಾಗಿಯೇ ಉಳಿಯುತ್ತದೆ, ಕಾಗದಕ್ಕೆ ಇಳಿದಾಗಲೇ ಲೆಕ್ಕವಾಗುವುದು. ತಂದೆ ಏಳು ಬಾಬತ್ತು ಬರೆದರು. ತಾಯಿ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿ ಕೂತರು. ಹುಡುಗನ ಹಾಳೆಯಲ್ಲಿ ಇದ್ದದ್ದು ನಾಲ್ಕು ಸಾಲು. 870, 870, 870, 870. ಕೆಳಗೆ ‘ಬಸ್ಸು, ಟೀ 120’.

ಈ 870 ಏನು ಎಂದು ಕೇಳಿದೆ. ಅವನು ಉತ್ತರಿಸಲಿಲ್ಲ. ಆಗ ತಂದೆ, “ನಾಳೆಯಿಂದ ಅವನು ಎಲ್ಲಿಗೂ ಹೋಗಾದು ಬ್ಯಾಡ ಮೇಡಂ, ಓದ್ಲಿ ಸಾಕು” ಎಂದರು.

“ನಾ ಬಿಟ್ರೆ ಮಂಗಳಾರದ್ದು ಯಾರು ಕಟ್ತಾರೆ?” ಎಂದ ಹುಡುಗ.

“ಯಾವ ಮಂಗಳಾರ?” ಎಂದು ತಂದೆ ಕೇಳಿದರು.

ಮಗಳ ಬಾಣಂತನಕ್ಕೆಂದು ತಾಯಿ ಏಪ್ರಿಲ್ ಕೊನೆಯಲ್ಲಿ ಮಹಿಳೆಯರ ಗುಂಪಿನ ಮೂಲಕ 40,000 ರೂಪಾಯಿ ಸಾಲ ತೆಗೆದಿದ್ದರು. ವಾರಕ್ಕೆ 870ರಂತೆ 52 ಕಂತು, ಮಂಗಳವಾರ ಬೆಳಿಗ್ಗೆ ಗುಂಪಿನವರ ಮನೆಯಲ್ಲಿ ಕಟ್ಟಬೇಕು. ಗಂಡನಿಗೆ ಹೇಳಿರಲಿಲ್ಲ. ಮೊದಲ ಐದು ಕಂತು ಹೊಲಿಗೆ ದುಡ್ಡಿನಲ್ಲಿ ಹೇಗೋ ಕಟ್ಟಿದರು. ಆರನೆಯದಕ್ಕೆ ಮಗನ ಹತ್ತಿರ ಒಂದು ಸಲಕ್ಕೆ ಅಂತ ಇಸ್ಕೊಂಡರು. ಆ ಒಂದು ಸಲ 16 ವಾರ ನಡೆದಿತ್ತು.

ಹಾಜರಾತಿ ಕುಸಿದದ್ದಕ್ಕೂ ಇದಕ್ಕೂ ಇರುವ ನಂಟನ್ನು ಬಿಡಿಸಿ ನೋಡಬೇಕು. ಕಂತು ವಾರ ವಾರ ಬರುತ್ತದೆ, ಲಗ್ನ ಹಾಗೆ ಬರುವುದಿಲ್ಲ. ಹೊತ್ತಿಗೆ 400 ಸಿಗುತ್ತಿದ್ದಾಗ ತಿಂಗಳಿಗೆ ಒಂಬತ್ತು ಹೊತ್ತು ಬಡಿಸಿದರೆ ನಾಲ್ಕು ಕಂತಿಗೆ ಸಾಲುತ್ತಿತ್ತು. ಆಷಾಢದಲ್ಲಿ ಮಂಟಪಗಳು ಖಾಲಿ. ಹುಡುಗರನ್ನು ಕರೆದೊಯ್ಯುವ ಮೇಸ್ತ್ರಿಯ ಹತ್ತಿರ ಅವನು 3,000 ಮುಂಗಡ ತೆಗೆದ. ಶ್ರಾವಣದಲ್ಲಿ ಹೊತ್ತಿಗೆ 100 ಮುರಿದುಕೊಂಡರು. ಹಾಗಾಗಿ ಒಂಬತ್ತರ ಬದಲು ಹನ್ನೆರಡು ಹೊತ್ತು. ಮುಹೂರ್ತಗಳು ಭಾನುವಾರವನ್ನೇ ನೋಡಿ ಬರುವುದಿಲ್ಲ. ಒಂದು ಮದುವೆ ಅಂದರೆ ಹಿಂದಿನ ದಿನ ಸಂಜೆ ನಾಲ್ಕಕ್ಕೆ ಮಂಟಪ, ಆರತಕ್ಷತೆ ಊಟದ ಕೊನೆಯ ಪಂಕ್ತಿ ಏಳುವಾಗ ಹನ್ನೊಂದು, ಊಟದ ಹಾಲಿನಲ್ಲೇ ಜಮಖಾನ ಹಾಸಿ ಮಲಗುವುದು, ಐದಕ್ಕೆ ಎದ್ದು ತಿಂಡಿ, ಮಧ್ಯಾಹ್ನದ ಊಟ ಮುಗಿಸಿ ಮನೆ ಸೇರುವಾಗ ನಾಲ್ಕು ಗಂಟೆ. ಈ ವಯಸ್ಸಿನ ದೇಹಕ್ಕೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಮದುವೆಯ ದಿನ ತಪ್ಪಿದ ತರಗತಿಯ ಜೊತೆಗೆ ಮರುದಿನದ್ದೂ ನಿದ್ದೆಗೆ ಹೋಗುತ್ತಿತ್ತು.

ಅದರಲ್ಲೂ ಕೆಟ್ಟದ್ದು ಮುಂಗಡ. ಮುಂಗಡ ತೆಗೆದವನಿಗೆ ‘ಈ ಸಲ ಬರಲ್ಲ’ ಅನ್ನುವ ಬಾಯಿ ಇರುವುದಿಲ್ಲ. ಕೂಲಿ ಎಷ್ಟು, ಹೊತ್ತು ಯಾವುದು ಎಂಬುದೆಲ್ಲ ಅಲ್ಲಿಂದಾಚೆಗೆ ಎದುರಿನವರ ಮರ್ಜಿ. ಸಾಲ ತೀರುವ ತನಕ ದುಡಿ ಎಂಬ ಏರ್ಪಾಡನ್ನು ಜೀತವೆಂದೇ ಕರೆದು ನಮ್ಮ ದೇಶ 1976ರಲ್ಲಿ ಕಾನೂನು ಮಾಡಿ ರದ್ದುಗೊಳಿಸಿದೆ. ಮೇಸ್ತ್ರಿ ಒಳ್ಳೆಯವನೇ ಇರಬಹುದು. ಆದರೂ ಹದಿನಾರರ ಹುಡುಗ ದುಡಿಯುವ ಜಾಗದಲ್ಲಿ ಮುಂಗಡ ಪಡೆಯಬಾರದು ಎಂಬುದರಲ್ಲಿ ರಾಜಿಯಿಲ್ಲ.

ತಾಯಿಯ ಗುಟ್ಟು ಆ ರೀತಿ ಬಯಲಾಗಬಾರದಿತ್ತು. ದುಡ್ಡಿನ ಪ್ರಕರಣದಲ್ಲಿ ಕುಟುಂಬವನ್ನು ಒಟ್ಟಿಗೆ ಕೂರಿಸುವ ಮೊದಲು ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ, ‘ಮನೆಯವರಿಗೆ ಗೊತ್ತಿಲ್ಲದ ಸಾಲ ಏನಾದರೂ ಇದೆಯೇ’ ಎಂದು ಕೇಳಬೇಕು. ಈ ಕೆಲಸದಲ್ಲಿರುವ ಇತರರು ಇದನ್ನು ಗಮನಿಸಿ. ಅಂದು ಮುಂದಿನ ಅರ್ಧ ಗಂಟೆ ಹೋದದ್ದು ಗಂಡಹೆಂಡಿರ ಮಾತಿಗೆ. ಹುಡುಗನನ್ನು ಹೊರಗೆ ಕೂರಿಸಿದೆ, ಆ ಮಾತು ಅವನು ಕೇಳಬೇಕಾದದ್ದಲ್ಲ.

ಒಳಗೆ ಕರೆದಾಗ ಅವನು ಕೇಳಿದ್ದು, “ಹಂಗಾದ್ರೆ ನಾ ದುಡಿದಿದ್ದು ತಪ್ಪಾ?” ಇದಕ್ಕೆ ಉತ್ತರ ಕೊಡದೆ ‘ಇನ್ನು ಓದಿನ ಕಡೆ ಗಮನ ಕೊಡು’ ಎಂದು ಕಳಿಸಿದ್ದರೆ ಎಲ್ಲವೂ ಕೆಡುತ್ತಿತ್ತು. ಭಾರ ಇಳಿಸಿದರೆ ಮಗುವಿಗೆ ಹಗುರಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅವನು ಆ ಭಾರದಿಂದಲೇ ಮನೆಯಲ್ಲಿ ದೊಡ್ಡವನಾಗಿದ್ದ. ಹಾಗಾಗಿ ತಂದೆಗೆ ಅವರ ಆಟೋ ಬಾಡಿಗೆ ಲೆಕ್ಕದ ಪುಸ್ತಕ ತೆಗೆಯಲು ಹೇಳಿ, 16 ಕಂತನ್ನು 870ರಿಂದ ಗುಣಿಸಿ ಅವರ ಕೈಯಲ್ಲೇ ಬರೆಸಿದೆ: ‘ಮಗ ಕಟ್ಟಿದ್ದು 13,920’. ಅದು ತೀರಿಸಬೇಕಾದ ಬಾಕಿಯಲ್ಲ. ಆದದ್ದನ್ನು ಆಯಿತೆಂದು ಒಪ್ಪಿ ಬರೆದಿಡುವುದು, ಅಷ್ಟೆ.

ಆಮೇಲೆ ಸಲಹೆ. ಮಕ್ಕಳ ದುಡ್ಡು ಮನೆಯ ಕಾಯಂ ಖರ್ಚಿಗೆ ಸೇರಬಾರದು. ರೇಷನ್, ಬಾಡಿಗೆ, ಕಂತು, ಫೋನಿನ ಇಎಂಐ, ಯಾವುದಕ್ಕೂ ಸೇರಬಾರದು. ‘ಮುಂದಿನ ವಾರ ಈ ಮಗು ಕೆಲಸ ಬಿಟ್ಟರೆ ಮನೆಯಲ್ಲಿ ಏನು ನಿಲ್ಲುತ್ತದೆ?’ ಎಂದು ಕೇಳಿದಾಗ ‘ಏನೂ ಇಲ್ಲ’ ಎಂಬ ಉತ್ತರ ಬಂದರೆ ಮಾತ್ರ ಅದು ಬಿಡುವಿನ ಕೆಲಸ. ಅವ್ವನಿಗೆ ಹಬ್ಬಕ್ಕೆ ಸೀರೆ, ಕೆಟ್ಟ ಗ್ಯಾಸ್ ಒಲೆಯ ರಿಪೇರಿ, ಇಂಥ ಒಂದು ಸಲದ ಖರ್ಚಿಗೆ ಮಗು ತಾನಾಗಿ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ.

ಬಡವರ ಮನೆಯಲ್ಲಿ ಮಗ ಕೈಜೋಡಿಸದೆ ಇನ್ನೇನು ಎಂದು ಈ ಮಾತಿಗೆ ಆಕ್ಷೇಪ ಬರುತ್ತದೆ, ಬರಲಿ. ಕೈಜೋಡಿಸುವುದು ಬೇಡವೆಂದು ನಾನು ಹೇಳುತ್ತಿಲ್ಲ. ಕಂತು ಎಂಬುದು ದೊಡ್ಡವರು ಸಹಿ ಹಾಕಿ ಒಪ್ಪಿಕೊಂಡ ಜವಾಬ್ದಾರಿ. ಅದನ್ನು ಸಹಿ ಹಾಕದ, ಹಾಕಿದರೂ ಕಾನೂನಿನಲ್ಲಿ ನಿಲ್ಲದ ವಯಸ್ಸಿನವನ ಹೆಗಲಿಗೆ ದಾಟಿಸಿದಾಗ ಅವನಿಗೆ ಪರೀಕ್ಷೆಯ ವಾರವೂ ಜ್ವರದ ದಿನವೂ ಇಲ್ಲವಾಗುತ್ತದೆ.

ಕಂತು ಉಳಿದದ್ದು 31, ಅಂದರೆ 26,970 ರೂಪಾಯಿ. ವಾರದ 870 ಒಟ್ಟಾಗಿ ಭಯ ಹುಟ್ಟಿಸುತ್ತದೆ. ದುಡಿಯುವ ಆರು ದಿನಕ್ಕೆ ಹಂಚಿದರೆ ದಿನಕ್ಕೆ 145. ತಂದೆಯ ಬಾಡಿಗೆಯಲ್ಲಿ 85, ತಾಯಿಯ ಹೊಲಿಗೆಯಲ್ಲಿ 60, ಪ್ರತಿ ರಾತ್ರಿ ಊಟಕ್ಕೆ ಮೊದಲು ಒಂದು ಡಬ್ಬಿಗೆ. ಆಗದೇ ಹೋದರೆ ಸಾಲ ಕೊಟ್ಟ ಸಂಸ್ಥೆಯ ಶಾಖೆಗೆ ಮುಂಚಿತವಾಗಿಯೇ ಹೋಗಿ ಅವಧಿ ವಿಸ್ತರಿಸಲು ಬರಹದಲ್ಲಿ ಕೇಳಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಕಂತಿಗಾಗಿ ಫೋನ್ ಮಾಡುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ರಾಜ್ಯದಲ್ಲಿ 2025ರಿಂದ ಪ್ರತ್ಯೇಕ ಕಾನೂನಿದೆ, ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಮೇಸ್ತ್ರಿಗೆ ಉಳಿದಿದ್ದ 1,800ನ್ನು ತಂದೆಯೇ ಖುದ್ದಾಗಿ ಎರಡು ಸಲಕ್ಕೆ ಕೊಟ್ಟು, ‘ಬಾಕಿ ಇಲ್ಲ’ ಎಂದು ಬರೆಸಿಕೊಳ್ಳಬೇಕೆಂದೆ. ದೊಡ್ಡವರೊಬ್ಬರು ಹೋಗಿ ನಿಂತರೆ ಆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಕೆಲಸವನ್ನು ಪೂರ್ತಿ ಬಿಡಿಸಲಿಲ್ಲ. ಬಿಡಿಸಿದರೆ ಕದ್ದು ಹೋಗುತ್ತಾರೆ. ಕದ್ದು ಹೋದ ಮಗು ಸಾರಿನ ಬಕೆಟ್ ತುಳುಕಿ ಕೈ ಸುಟ್ಟುಕೊಂಡರೂ ಮನೆಯಲ್ಲಿ ಹೇಳುವುದಿಲ್ಲ. (ಬಕೆಟ್ಟನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಿಸಬಾರದು. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು, ಟೂತ್‌ಪೇಸ್ಟ್ ಹಚ್ಚಬಾರದು.) ಬಾಲ ಮತ್ತು ಕಿಶೋರ ಕಾರ್ಮಿಕರ ಕಾನೂನು, 2016ರ ತಿದ್ದುಪಡಿಯ ನಂತರ, 14 ತುಂಬಿ 18 ಆಗದವರಿಗೆ ಅಪಾಯಕಾರಿಯಲ್ಲದ ಕೆಲಸ ಒಪ್ಪುತ್ತದೆ. ಆದರೆ ಮೂರು ಗಂಟೆ ದುಡಿದ ಮೇಲೆ ಒಂದು ಗಂಟೆ ವಿಶ್ರಾಂತಿ ಬೇಕು. ವಿಶ್ರಾಂತಿ, ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ಮೀರುವಂತಿಲ್ಲ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ, ಓವರ್‌ಟೈಮ್ ಇಲ್ಲ, ವಾರಕ್ಕೊಂದು ಪೂರ್ತಿ ರಜೆ. ಇದನ್ನು ಮದುವೆ ಮನೆಗೆ ಹೊಂದಿಸಿದರೆ ಆರತಕ್ಷತೆಯೂ ಬೆಳಗಿನ ತಿಂಡಿಯೂ ಹೋಗುತ್ತವೆ, ಉಳಿಯುವುದು ಮಧ್ಯಾಹ್ನದ ಊಟ ಒಂದೇ. ಕಾಲೇಜು ಆರು ದಿನ ಇರುವುದರಿಂದ ತಿಂಗಳಿಗೆ ಎರಡು ಭಾನುವಾರ ಮಾತ್ರ, ಹತ್ತೂವರೆಯಿಂದ ಮೂರೂವರೆ. 800 ರೂಪಾಯಿ. “ಎಂಟ್ನೂರಕ್ಕೆ ಏನ್ ಬರುತ್ತೆ?” ಎಂದ. ಎಲ್ಲವೂ ನಿನ್ನದೇ ಆದಾಗ ನೋಡು ಎಂದೆ. ಅಂಚೆ ಕಚೇರಿಯಲ್ಲಿ 10 ವರ್ಷ ದಾಟಿದ ಮಗು ತನ್ನ ಹೆಸರಲ್ಲೇ ಉಳಿತಾಯ ಖಾತೆ ತೆರೆದು ತಾನೇ ನಡೆಸಬಹುದು, 500 ರೂಪಾಯಿ ಸಾಕು.

ಬೇರೆ ಕೆಲಸ ಕೇಳುವ ಪೋಷಕರಿಗೂ ಇದೇ ಅಳತೆ. ಬೆಳಗಿನ ಐದಕ್ಕೆ ಪೇಪರ್ ಹಾಕುವುದು ಈ ವೇಳೆಯ ಹೊರಗಿನದು. ಮಂಡಕ್ಕಿ ಭಟ್ಟಿಯ ಬೆಂಕಿ ಮತ್ತು ಹೊಗೆ, ಪೆಟ್ರೋಲ್ ಬಂಕು ಮಕ್ಕಳಿಗೆ ಸಲ್ಲದು. ಬೈಕಿನಲ್ಲಿ ಡೆಲಿವರಿ ಬೇಡವೇ ಬೇಡ: 18 ಆಗದವರು ಸಿಕ್ಕಿಬಿದ್ದರೆ ಗಾಡಿ ಕೊಟ್ಟವರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಓಣಿಯ ಸಣ್ಣ ಮಕ್ಕಳಿಗೆ ಸಂಜೆ ಒಂದು ಗಂಟೆ ಪಾಠ ಹೇಳುವುದು ಎಲ್ಲಕ್ಕಿಂತ ಒಳ್ಳೆಯದು. ದುಡಿಸುವವರಿಂದ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನ್ ಮಾಡಬಹುದು.

ಹಾಜರಾತಿಯನ್ನು ಉಪನ್ಯಾಸಕರ ಎದುರೇ ಎಣಿಸಿದೆವು. ಆ ಕಾಲೇಜಿನ ವೇಳಾಪಟ್ಟಿಯಲ್ಲಿ ವರ್ಷಕ್ಕೆ 190 ದಿನ. ಶೇಕಡಾ 75 ಅಂದರೆ 143. ಬಂದದ್ದು 47, ಇನ್ನು 96 ಬೇಕು, ಉಳಿದಿರುವುದು 112. ‘ಇನ್ನು ತಪ್ಪಿಸಬೇಡ’ ಎನ್ನುವುದಕ್ಕಿಂತ ‘ನಿನ್ನ ಕೈಯಲ್ಲಿ 16 ರಜೆ ಇವೆ’ ಎಂದದ್ದು ಅವನಿಗೆ ನಾಟಿತು.

ಎರಡನೇ ವಾರವೇ ಡಬ್ಬಿಯಲ್ಲಿ 740 ಇತ್ತು, 130 ಕಡಿಮೆ. ಹುಡುಗ ಜೇಬಿಗೆ ಕೈ ಹಾಕಿದನಂತೆ. ತಂದೆ ಬೇಡವೆಂದು ಆಟೋ ಸ್ಟ್ಯಾಂಡಿನಲ್ಲಿ ಕೈಗಡ ತಂದು ಕಟ್ಟಿದರು. ಡಿಸೆಂಬರ್ ಮಧ್ಯದಲ್ಲಿ ಅವರು ಬಂದಾಗ 16 ರಜೆಗಳಲ್ಲಿ ಐದು ಖರ್ಚಾಗಿದ್ದವು, ಕಂತು ಇನ್ನೂ 18 ಉಳಿದಿದ್ದವು. ಮಂಗಳವಾರ ಗುಂಪಿನ ಮನೆಗೆ ಹೋಗುವಾಗ ಈಗ ಹೆಂಡತಿಯನ್ನು ತಂದೆಯೇ ಆಟೋದಲ್ಲಿ ಬಿಟ್ಟು ಬರುತ್ತಾರೆ.