ಗೆಳತಿಗೆ ಸೊಕ್ಕು ಬಂದಿದೆಯೇ?

ಪ್ರಶ್ನೆ: ಅಕ್ಕನವರಿಗೆ ಶರಣು. ನಾನು ಕಲಬುರಗಿಯ ನಿವೃತ್ತ ಶಿಕ್ಷಕಿ, ಅರವತ್ತಾರು ವರ್ಷ. 1975ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ನಾವು ಐವರು ಗೆಳತಿಯರು ಇಂದಿಗೂ ಬಿಟ್ಟಿರದವರು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದಂದಿನಿಂದ ತಿಂಗಳಿಗೊಮ್ಮೆ ಸೂಪರ್ ಮಾರ್ಕೆಟ್ ಕಡೆಯ ಒಂದು ಹೋಟೆಲಿನಲ್ಲಿ ಸೇರುತ್ತೇವೆ. ಒಬ್ಬಳು ಯಾದಗಿರಿಯಿಂದ ಬರುತ್ತಾಳೆ, ಇನ್ನೊಬ್ಬಳು ಬೀದರಿನಿಂದ. ನನ್ನ ದೂರು ಬೀದರಿನವಳ ಮೇಲೆ.

ಮೊದಲು ನಮ್ಮಲ್ಲಿ ಮಾತಿನ ಮಲ್ಲಿ ಎಂದರೆ ಅವಳೇ. ಈಗ ವರ್ಷದಿಂದ ಎಲ್ಲದಕ್ಕೂ ಬರೀ ‘ಹೂಂ’. ಫೋನ್ ಮಾಡಿದರೆ ಎತ್ತುವುದಿಲ್ಲ, ವಾಟ್ಸಾಪ್‌ನಲ್ಲಿ ಬರೆದರೆ ನಿಮಿಷದಲ್ಲಿ ಉತ್ತರ ಬರುತ್ತದೆ. ನಾನು ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದೇನೆ. ಮಾತಾಡುವಾಗ ನನ್ನ ಬಾಯಿಯನ್ನೇ ನೋಡುತ್ತಾಳೆ, ಅಣಕಿಸುವವರ ಹಾಗೆ. ಕಳೆದ ಬಾರಿ ಮಗನ ಮನೆ ಸಾಲದ ಮಾತು ನಡೆದಿತ್ತು. ನಡುವೆ, ‘ನನ್ನ ನಾದಿನಿ ತೀರಿಕೊಂಡಳು’ ಎಂದೆ. ಇವಳು ನಗುತ್ತಾ, ‘ಒಳ್ಳೆಯದಾಯಿತು ಬಿಡು, ಒಂದು ಭಾರ ಇಳಿಯಿತು’ ಎಂದಳು! ಆ ನಾದಿನಿ ನಮ್ಮ ಶಾಲೆಯಲ್ಲೇ ಎರಡು ತರಗತಿ ಕೆಳಗಿದ್ದವಳು. ದಿನಾ ಬೆಳಿಗ್ಗೆ ಅವಳ ಜಡೆ ಹೆಣೆದು ಕೈ ಹಿಡಿದು ಕರೆತರುತ್ತಿದ್ದವಳು ಇವಳೇ. ಅಂದಿನಿಂದ ನಾನು ಮಾತು ಬಿಟ್ಟಿದ್ದೇನೆ. ಅವಳೂ ಎರಡು ತಿಂಗಳಿಂದ ಬಂದಿಲ್ಲ. ಮಗನಿಗೆ ಬೆಂಗಳೂರಿನಲ್ಲಿ ದೊಡ್ಡ ನೌಕರಿ ಸಿಕ್ಕಮೇಲೆ ಅವಳಿಗೆ ಸೊಕ್ಕು ಬಂದಿದೆ. ಐವತ್ತು ವರ್ಷದ ಗೆಳೆತನವನ್ನು ಹೀಗೆ ಬಿಟ್ಟುಬಿಡಲೇ?
– ನೊಂದ ಗೆಳತಿ, ಕಲಬುರಗಿ

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮಷ್ಟೇ ಸಿಟ್ಟು ನನಗೂ ಬಂತು. ಎರಡನೆಯ ಸಲ ಓದುವಾಗ ಕೈ ತಾನಾಗಿ ನನ್ನ ಬಲಗಿವಿಯ ಹಿಂದಕ್ಕೆ ಹೋಯಿತು. ಅಲ್ಲಿ ಮೂರು ವರ್ಷದಿಂದ ಹುಣಸೆ ಬೀಜಕ್ಕಿಂತ ತುಸು ದೊಡ್ಡದಾದ ಯಂತ್ರವೊಂದು ಕೂತಿದೆ.

ನಿಮ್ಮ ಗೆಳತಿಗೆ ಸೊಕ್ಕು ಬಂದಿಲ್ಲ, ಕಿವಿ ಮಂದವಾಗಿದೆ. ನಾನು ವೈದ್ಯೆಯಲ್ಲ, ಆದರೆ ಸಾಕ್ಷಿಗಳನ್ನೆಲ್ಲ ನೀವೇ ಬರೆದುಕೊಟ್ಟಿದ್ದೀರಿ. ಸೊಕ್ಕಿನವರು ಸಂದೇಶಕ್ಕೆ ನಿಮಿಷದಲ್ಲಿ ಉತ್ತರ ಬರೆಯುತ್ತಾರೆಯೇ? ಫೋನಿನಲ್ಲಿ ಮುಖ ಕಾಣುವುದಿಲ್ಲ, ಅದಕ್ಕೇ ಎತ್ತುವುದಿಲ್ಲ. ನಿಮ್ಮ ಹಲ್ಲಿನ ಸೆಟ್ಟು ಅವಳಿಗೆ ಬೇಕಾಗಿಲ್ಲ, ತಾಯಿ. ಅವಳು ನಿಮ್ಮ ತುಟಿ ಓದುತ್ತಿದ್ದಾಳೆ.

ವಯಸ್ಸಿನಿಂದ ಬರುವ ಕಿವುಡು ಎಂದರೆ ಏನೂ ಕೇಳಿಸದಿರುವುದು ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಮೊದಲು ಹೋಗುವುದು ಸಣ್ಣ, ತೀಕ್ಷ್ಣ ಸದ್ದುಗಳು: ಸ, ಶ, ಚ, ತ, ಕ ಇಂಥವು. ಸ್ವರಗಳು ಬಹುಕಾಲ ನಿಲ್ಲುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಎಂಬುದು ಚೆನ್ನಾಗಿಯೇ ಕೇಳಿಸುತ್ತದೆ, ಏನು ಮಾತಾಡಿದರು ಎಂಬುದು ತಿಳಿಯುವುದಿಲ್ಲ. ಉಳಿದದ್ದನ್ನು ಹಿಂದಿನ ಮಾತಿನಿಂದ ಊಹಿಸಿ ತುಂಬಿಕೊಳ್ಳಬೇಕು. ಈಗ ನಿಮ್ಮ ಮೇಜಿನ ಮಾತನ್ನೇ ನೋಡಿ. ಸಾಲದ ಮಾತು ನಡೆದಿತ್ತು, ನೀವು ‘ತೀರಿಕೊಂಡಳು’ ಎಂದಿರಿ. ಅವಳ ಕೈಗೆ ಸಿಕ್ಕಿದ್ದು ‘ತೀರಿ’ ಎಂಬ ಚೂರು ಮಾತ್ರ ಇರಬೇಕು. ಸಾಲ ತೀರಿತು ಎಂದುಕೊಂಡು ಅವಳು ಸಂತೋಷಪಟ್ಟಳು. ಸಾಲ ತೀರಿದ ಮನೆಯವರಿಗೆ ಒಂದು ಭಾರ ಇಳಿಯಿತು ಎನ್ನದೆ ಇನ್ನೇನು ಹೇಳುತ್ತಾರೆ?

ನಿಮ್ಮ ಹೋಟೆಲು ನನಗೆ ಗೊತ್ತಿಲ್ಲ, ಆದರೆ ಎಲ್ಲ ಹೋಟೆಲುಗಳ ಸದ್ದೂ ಒಂದೇ. ಸ್ಟೀಲ್ ತಟ್ಟೆಗಳು ಒಂದರ ಮೇಲೊಂದು ಬೀಳುತ್ತವೆ, ಒಳಗೆ ಮಿಕ್ಸರ್ ತಿರುಗುತ್ತದೆ, ಪಕ್ಕದ ಮೇಜಿನವರು ಮಿರ್ಚಿ ಭಜಿಗಾಗಿ ಕೂಗುತ್ತಾರೆ. ಅದರ ಮೇಲೆ ನೀವು ಐವರೂ ಒಟ್ಟಿಗೆ ಮಾತಾಡುತ್ತೀರಿ, ನಾನು ಕಾಣದವಳೇ! ಮಂದ ಕಿವಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಎರಡು ಸಲ ‘ಏನಂದೆ?’ ಎನ್ನಬಹುದು. ಮೂರನೆಯ ಸಲ ಎದುರಿನವರ ಹುಬ್ಬು ಮೇಲೇರುತ್ತದೆ. ಆಮೇಲೆ ‘ಹೂಂ’ ಎನ್ನುವುದೇ ಸುಲಭ, ಎಲ್ಲರೂ ನಕ್ಕಾಗ ನಗುವುದೇ ಸುಲಭ, ಕೊನೆಗೆ ಮನೆಯಲ್ಲಿ ಉಳಿಯುವುದೇ ಸುಲಭ. ನಾನೂ ಒಂದು ವರ್ಷ ಮೊಣಕಾಲಿನ ನೆಪ ಹೇಳಿಕೊಂಡು ಮದುವೆಗಳನ್ನು ತಪ್ಪಿಸಿಕೊಂಡೆ. ನನ್ನ ಮೊಣಕಾಲುಗಳು ಇವತ್ತಿಗೂ ಗಟ್ಟಿಯಾಗಿವೆ.

ಈಗ ಮಾಡಬೇಕಾದದ್ದು. ಬೀದರಿನ ಬಸ್ ಹತ್ತಿರಿ, ಹುಮನಾಬಾದ್ ಮೇಲೆ ಹೋಗುತ್ತದೆ, ಆಧಾರ್ ಕಾರ್ಡ್ ಚೀಲದಲ್ಲಿರಲಿ. ಒಬ್ಬರೇ ಹೋಗಿ. ನಾಲ್ವರೂ ಹೋದರೆ ಅದು ಪಂಚಾಯಿತಿ. ಟಿವಿ ಆರಿಸಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಎದುರಿಗೆ ಕುಳಿತುಕೊಳ್ಳಿ. ಕೂಗಬೇಡಿ, ಕೂಗಿದರೆ ಸ್ವರ ದಪ್ಪವಾಗುತ್ತದೆಯೇ ಹೊರತು ಸಕಾರ ಸ್ಪಷ್ಟವಾಗುವುದಿಲ್ಲ. ತುಸು ನಿಧಾನವಾಗಿ ಮಾತಾಡಿ. ಸೊಸೆಯ ಎದುರಿಗೆ ಕಿವಿಯ ಸುದ್ದಿ ಎತ್ತಲೇಬೇಡಿ.

ಅವಳು ಒಪ್ಪಿದರೆ ಅಲ್ಲಿಯ ಬ್ರಿಮ್ಸ್ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಜೊತೆಯಾಗಿ ಹೋಗಿ. ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ, ತೆಗೆದರೆ ಮುಗಿಯಿತು. ಇಲ್ಲವಾದರೆ ಶ್ರವಣ ಪರೀಕ್ಷೆ ಮಾಡಿಸಿಕೊಂಡು ಯಂತ್ರ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡ ಮರುದಿನವೇ ಎಲ್ಲ ಸರಿಹೋಗುತ್ತದೆ ಎಂದು ಮಾತ್ರ ಹೇಳಬೇಡಿ. ಮೊದಲ ವಾರಗಳಲ್ಲಿ ನಾನು ರೊಟ್ಟಿ ಮುರಿಯುವ ಸದ್ದಿಗೆ ಬೆಚ್ಚಿಬೀಳುತ್ತಿದ್ದೆ. ಸಿಟ್ಟಿನಿಂದ ಯಂತ್ರವನ್ನು ಬಳೆ ಪೆಟ್ಟಿಗೆಯಲ್ಲಿಟ್ಟು ಆರು ತಿಂಗಳು ಮರೆತೆ. ಮತ್ತೆ ತೆಗೆಸಿದವಳು ನನ್ನ ಶಾಲೆಯ ಗೆಳತಿಯೇ, ಮಗಳ ಮಾತಿಗೆ ನಾನು ಬಗ್ಗಿರಲಿಲ್ಲ.

ಭೇಟಿಯ ಜಾಗವನ್ನೂ ಬದಲಿಸಿ. ನಿಮ್ಮ ಮನೆಯಲ್ಲೇ ರೊಟ್ಟಿ, ಎಣ್ಣೆಗಾಯಿ ಮಾಡಿ. ಇಲ್ಲವೇ ಅಪ್ಪನ ಕೆರೆಯ ದಂಡೆಗೆ ಬೆಳಿಗ್ಗೆ ಬೇಗ ಹೋಗಿ, ನಮ್ಮೂರಿನ ಬಿಸಿಲು ಏರುವ ಮೊದಲು. ಅವಳ ಯಾವ ಕಿವಿ ವಾಸಿ ಎಂದು ಕೇಳಿಕೊಂಡು ಆ ಪಕ್ಕದಲ್ಲಿ ನೀವು ಕುಳಿತುಕೊಳ್ಳಿ.

ಬೀದರಿಗೆ ಹೊರಡುವ ಮೊದಲು ಫೋನ್ ಮಾಡಬೇಡಿ, ವಾಟ್ಸಾಪ್‌ನಲ್ಲಿ ಬರೆಯಿರಿ. ಬರುತ್ತಿದ್ದೇನೆ ಎಂದು ಬರೆಯಿರಿ. ನಾದಿನಿ ಹೋದ ಸುದ್ದಿಯನ್ನು ಮಾತ್ರ ಅದರಲ್ಲಿ ಬರೆಯಬೇಡಿ, ಎದುರಿಗೆ ಕುಳಿತು, ಕೈ ಹಿಡಿದು ಹೇಳಿ. ತಾನು ಜಡೆ ಹೆಣೆಯುತ್ತಿದ್ದ ಹುಡುಗಿ ತೀರಿಕೊಂಡಿದ್ದು ಅವಳಿಗೆ ಬಹುಶಃ ಇನ್ನೂ ಗೊತ್ತಿಲ್ಲ.