ಊಟಕ್ಕೂ ನಿಲ್ಲದೆ ಎದ್ದು ಬಂದಿರಾ?

ರೋಣದ ಕಡೆಯ ಹವಾಲ್ದಾರರೇ, ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ.

ಉಳಿದ ಓದುಗರಿಗೆ ಪತ್ರದ ವಿಷಯ ಇಷ್ಟು. ಇವರು 17 ವರ್ಷ ಸೇನೆಯಲ್ಲಿ ಲಾರಿ ಓಡಿಸಿದವರು. ಹುಬ್ಬಳ್ಳಿಯಲ್ಲಿ ಮಾಜಿ ಸೈನಿಕರ ಕೂಟಕ್ಕೆ ಹೋಗಿದ್ದರು. ವೇದಿಕೆಗೆ 1965ರವರನ್ನು ಕರೆದರು, 1971ರವರನ್ನು ಕರೆದರು, ಕಾರ್ಗಿಲ್‌ನವರನ್ನೂ ಕರೆದರು. ಇವರನ್ನು ಯಾರೂ ಕರೆಯಲಿಲ್ಲ. 'ಒಂದು ಗುಂಡೂ ಹಾರಿಸದ ನನಗೆ ಅಲ್ಲೇನು ಕೆಲಸ ಅನ್ನಿಸಿ, ಊಟಕ್ಕೂ ನಿಲ್ಲದೆ ಬಸ್ ಹತ್ತಿದೆ. ಮುಂದಿನ ವರ್ಷ ಹೋಗಲೋ ಬೇಡವೋ?' ಎಂದು ಕೇಳಿದ್ದಾರೆ.

ಹೋಗಿ.

1971ರ ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಮುಗಿಯಿತು. ಎರಡು ವಾರವೂ ಇಲ್ಲ. ಆ ಹಿರಿಯರು ಸರ್ವಿಸ್‌ನ ಉಳಿದ ವರ್ಷಗಳಲ್ಲಿ ಏನು ಮಾಡಿದರು? ನೀವು ಮಾಡಿದ್ದನ್ನೇ. ಬೆಳಿಗ್ಗೆ ಪಿಟಿ, ಸಂಜೆ ರೋಲ್ ಕಾಲ್, ನಡುವೆ ರಜೆಗೆ ಅರ್ಜಿ. ಮನೆಯ ಪತ್ರಕ್ಕೆ ಅದೇ 56 ಎಪಿಒ (ಸೇನೆಯ ಅಂಚೆ ಕಚೇರಿ) ವಿಳಾಸ.

ಇನ್ನು ಗುಂಡಿನ ಮಾತು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನಪಿಸಿಕೊಳ್ಳಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಮಂದಿಯ ಮೇಲೆ ಹಿಮ ಕುಸಿಯಿತು. ಆರು ದಿನದ ಮೇಲೆ ಇವರೊಬ್ಬರೇ ಜೀವಂತ ಸಿಕ್ಕರು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಅಲ್ಲಿ ಯಾರೂ ಗುಂಡು ಹಾರಿಸಿರಲಿಲ್ಲ. ಯುದ್ಧದ ಇಸವಿ ಕೂಗಿ ಕರೆಯುವವರು ಅವರನ್ನು ಯಾವ ಸಾಲಿನಲ್ಲಿ ಕೂರಿಸುತ್ತಿದ್ದರು?

ನಾನೂ ಒಮ್ಮೆ ಇಂಥ ಕೂಟಕ್ಕೆ ಹೋಗಿದ್ದೆ. ವೇದಿಕೆಯ ಮೇಲೆ ಶಾಲು ಹೊದಿಸುವುದೇ ಒಂದೂವರೆ ತಾಸು. (ನನಗೂ ಒಂದು ಬಂತು, ಯಾಕೋ ಗೊತ್ತಿಲ್ಲ.) ಮಾತು ಹುಟ್ಟಿದ್ದು ಊಟದ ಪಾಳಿಯಲ್ಲಿ. ಕೋಟಿನ ಮೇಲೆ ಪದಕಗಳ ಸಾಲು ಹಾಕಿಕೊಂಡಿದ್ದ ಅಜ್ಜ ಒಬ್ಬರು ಮುಂದಿದ್ದ ಹುಡುಗನನ್ನು ಕೇಳಿದರು:

"ಏನ್ ಕೆಲಸ ಮಾಡ್ತಿದ್ದಿ ತಮ್ಮಾ?"

"ಲಂಗರ್‌ದಾಗ ಅಡಗಿ ಮಾಡ್ತಿದ್ದೆರಿ. ಲೇಹ್ ಕಡೆ."

"ಹೌದಾ? ಅಲ್ಲಿ ಅನ್ನ ಈಗರ ಬೇಯ್ತೈತೇನು?"

ಲೇಹ್ ಇರುವುದು 11,500 ಅಡಿ ಮೇಲೆ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಅನ್ನ ಬೇಯಲು ತುಂಬ ಹೊತ್ತು ಹಿಡಿಯುತ್ತದೆ, ಅವಸರ ಮಾಡಿದರೆ ಅಕ್ಕಿಯ ನಡುವೆ ಗಟ್ಟಿ ಉಳಿಯುತ್ತದೆ. ಹುಡುಗ ಕುಕ್ಕರಿನ ಸೀಟಿಯ ಲೆಕ್ಕ ಹೇಳಿದ. ಅಜ್ಜ ತಮ್ಮ ಕಾಲದ ಅರೆಬೆಂದ ಅನ್ನದ ಕತೆ ತೆಗೆದರು. ಹಿಂದಿದ್ದ ನಮ್ಮ ಪಾಳಿ ಅಲ್ಲೇ ನಿಂತಿತು. ಅಜ್ಜ ಆ ಹೊತ್ತು ಯುದ್ಧದ ಹೆಸರೇ ಎತ್ತಲಿಲ್ಲ.

ನಿಮ್ಮಂಥವರಿಂದ ಇನ್ನೊಂದು ಕೆಲಸವೂ ಆಗಬೇಕಿದೆ. ಸೈನಿಕರ ಪಿಂಚಣಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ಪೋರ್ಟಲ್‌ಗೆ ಬಂದಿದೆ. 'ನಾನಿನ್ನೂ ಇದ್ದೇನೆ' ಎಂದು ವರ್ಷಕ್ಕೊಮ್ಮೆ ತೋರಿಸಬೇಕು, ಅಲ್ವಾ? ಹೊಲದ ಕೆಲಸ ಮಾಡಿ ಸವೆದ ಹೆಬ್ಬೆರಳನ್ನು ಯಂತ್ರ ಬೇಗ ಗುರುತಿಸುವುದಿಲ್ಲ. ಮೊಬೈಲ್‌ನಲ್ಲಿ ಮುಖ ತೋರಿಸಿದರೂ ನಡೆಯುತ್ತದೆ ಎಂಬುದು ಎಷ್ಟೋ ಅಜ್ಜಂದಿರಿಗೆ ಗೊತ್ತಿಲ್ಲ. ಅವರಿಗೆ ಅದನ್ನು ಮಾಡಿಕೊಡುವುದು ನಿಮಗೆ ಐದು ನಿಮಿಷದ ಕೆಲಸ.

ಮಾಜಿ ಸೈನಿಕರ ದಿನ ಜನವರಿ 14. ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದದ್ದು ಅದೇ ದಿನ. ನಮ್ಮಲ್ಲಿ ಸಂಕ್ರಾಂತಿಯೂ ಅದೇ ಹೊತ್ತಿಗೆ. ಜೇಬಿನಲ್ಲಿ ಒಂದಿಷ್ಟು ಕುಸುರೆಳ್ಳು ಇಟ್ಟುಕೊಂಡು ಹೋಗಿ. ವೇದಿಕೆಗೆ ಕರೆದರೂ ಸರಿ, ಬಿಟ್ಟರೂ ಸರಿ. ಊಟ ಮಾಡಿಕೊಂಡೇ ಬಸ್ ಹತ್ತಿ.

— ಸಂಪಾದಕ